ಸಿಗ್ನಲ್ ತಪ್ಪಿದರೆ

ಐದು ಸಾವಿರದ ಇನ್ನೂರು. ಅಷ್ಟೂ ಒದ್ದೆ.
ಐಸ್ ಪ್ಲಾಂಟಿನವರ ನೋಟುಗಳೇ ಹೀಗೆ,
ಎಣಿಸಿದರೆ ಕೈ ಕೊರೆಯುತ್ತದೆ.
ಫ್ಯಾನಿನಡಿ ಹರವಿ, ಮೇಲೆ ಸೋಲ್ಡರಿಂಗ್ ಸ್ಟ್ಯಾಂಡ್ ಇಟ್ಟೆ.
"ಯಾರಿಗೆ?" ಅಂದೆ.
"ಅಣ್ಣನ ಮಗನಿಗೆ" ಅಂದ ಗೌರೇಶ.
ಅವನಿಗೆ ಅಣ್ಣನಿಲ್ಲ. ಬೈತಖೋಲದಲ್ಲಿ ಅದು ಗೊತ್ತಿಲ್ಲದವರೂ ಇಲ್ಲ.
ಇರಲಿ.

ಚಾಸಿ ಅವನೇ ತಂದಿದ್ದ, ಮಡಗಾಂವಿನ ಗುಜರಿಯಿಂದ,
ಬರೀ ಎಲುಬು, ನಾಲ್ಕು ಚಕ್ರ.
ನನ್ನ ಮೇಜಿಗೆ ಬರುವುದು ಟ್ರಾಲರಿನ ವೈರ್‌ಲೆಸ್ಸು,
ಉಪ್ಪು ತಿಂದ ಜಿಪಿಎಸ್ಸು, ಮೀನು ಕಾಣದ ಮೀನಿನ ಯಂತ್ರ.
ಅವಕ್ಕೆ ಕೇಳುವುದನ್ನೇ ಇದಕ್ಕೂ ಕೇಳಿದೆ:
ಎಲ್ಲಿ ಓಡಿಸುತ್ತೀ?
"ಕೋಡಿಬಾಗದಲ್ಲಿ ಬಾಯಿ. ಇಳಿತದ ಹೊತ್ತು. ಮರಳು ಗಟ್ಟಿ ಇರ್ತದಲ್ಲ."

ಹಾಗಾದರೆ ವೇಗದ ಮಾತು ಬಿಡು.
ಬ್ರಶ್‌ಲೆಸ್ ಮೋಟರು ಡಬ್ಬಿಯ ಚಿತ್ರದಲ್ಲಿ ಚೆನ್ನಾಗಿ ಹಾರುತ್ತದೆ,
ನಿನ್ನ ದುಡ್ಡಿಗೆ ಹಳೆಯ ಬ್ರಶ್ಶಿನದೇ ಸರಿ,
ಕೆಟ್ಟರೆ ಮುನ್ನೂರಕ್ಕೆ ಇನ್ನೊಂದು.
ಉಳಿಸಿದ್ದನ್ನು ಸರ್ವೋಗೆ ಹಾಕು. ಲೋಹದ ಹಲ್ಲಿನದು.
ಮುಂದಿನ ಚಕ್ರ ಹೊರಳಿಸುವುದು ಅದೇ; ಪ್ಲಾಸ್ಟಿಕ್ ಹಲ್ಲು
ಒಂದು ಕಲ್ವದ ಚಿಪ್ಪಿಗೆ ತಾಗಿತೋ, ಉದುರಿತು.
ರಿಸೀವರಿಗೆ ಬಲೂನು ತೊಡಿಸಿ ಬಾಯಿ ಕಟ್ಟು.
ನಗಬೇಡ. ಉಪ್ಪು ಕಂಪನಿಯ ಹೆಸರು ಓದುವುದಿಲ್ಲ.
ಆಂಟೆನಾ ಮಾತ್ರ ಹೊರಗೆ, ನೆಟ್ಟಗೆ.

ಪಿಸ್ತೂಲಿನಂಥ ರಿಮೋಟು ತೆಗೆದುಕೊಟ್ಟೆ.
ಎಡಗೈಲಿ ಹಿಡಿ, ಬಲಗೈಗೆ ಸ್ಟಿಯರಿಂಗು,
ತೋರುಬೆರಳಿಂದ ಎಳೆದರೆ ಓಟ, ತಳ್ಳಿದರೆ ಬ್ರೇಕು.
ಹಿಡಿದ.
ಎಳೆಯಲಿಲ್ಲ.
ಛೆ, ಮರೆತಿದ್ದೆ.
ಕಳೆದ ಆಗಸ್ಟು, ಬೋಟುಗಳು ಮತ್ತೆ ಇಳಿದ ವಾರ,
ಐಸ್ ಪುಡಿ ಮಾಡುವ ಯಂತ್ರ. ಆ ಬೆರಳಿಗೆ ಎರಡು ಗೆಣ್ಣು ಇಲ್ಲ.

ಕ್ಯಾಟಲಾಗಿನಲ್ಲಿ ಎಲ್ಲರಿಗೂ ಹತ್ತು ಬೆರಳು.

ಎರಡು ಕಡ್ಡಿಯ ರಿಮೋಟೊಂದಿತ್ತು, ಹೆಬ್ಬೆರಳಿನದು.
ತಿರುಗಿಸಿ ನೋಡಿ ಪಕ್ಕಕ್ಕಿಟ್ಟ.
ನಡುಬೆರಳಿಂದ ಎಳಿ, ಅಂದೆ. ಅದೂ ಬೇಡ.
ಆ ಬೆರಳೇ ಎಳೆಯಬೇಕಂತೆ.
ಸರಿ. ಬಲೆಯ ಬೆಂಡಿನ ತುಂಡು, ಎಂ-ಸೀಲು, ಕಾನಸು,
ಮುಕ್ಕಾಲು ಗಂಟೆ.
ಟ್ರಿಗರನ್ನು ಬೆಳೆಸಿ ಬೆಳೆಸಿ
ಮೋಟು ಬೆರಳಿನ ತುದಿಗೆ ತಂದು ಮುಟ್ಟಿಸಿದೆ.
ಚಂದ ಕಾಣುತ್ತಿರಲಿಲ್ಲ.

ಬೈಂಡ್ ಮಾಡಿದೆ. ಮಿಣುಕುತ್ತಿದ್ದ ದೀಪ ನಿಂತು ಉರಿಯಿತು.
ಈಗ ಇದನ್ನು ನೋಡು, ಅಂದೆ.
ಸಿಗ್ನಲ್ ತಪ್ಪಿದರೆ ಏನು ಮಾಡಬೇಕೆಂದು
ರಿಸೀವರಿಗೆ ಮೊದಲೇ ಹೇಳಿಡಬೇಕು.
ಹೇಳದಿದ್ದರೆ ಕೆಲವು, ಕೊನೆಗೆ ಕೇಳಿದ ಮಾತನ್ನೇ ಹಿಡಿದು
ಸೀದಾ ಸಮುದ್ರಕ್ಕೆ ಹೋಗುತ್ತವೆ.
ಗುಂಡಿ ಒತ್ತಿಹಿಡಿದು ಹೇಳಿಕೊಟ್ಟೆ: ನಿಲ್ಲು.
ಕಾರನ್ನು ಡಬ್ಬಿಯ ಮೇಲೆ ಎತ್ತಿಟ್ಟು, ಚಕ್ರ ಗಿರ್ರನೆ ಓಡುವಾಗ
ರಿಮೋಟು ಆರಿಸಿದೆ.

ನಿಂತಿತು.

"ಇನ್ನೊಮ್ಮೆ ಬಾಯಿ."
ಓಡಿಸಿದೆ, ಆರಿಸಿದೆ, ನಿಂತಿತು.
"ಇನ್ನೊಮ್ಮೆ."
ಆಮೇಲೆ ರಿಮೋಟು ಕಸಿದುಕೊಂಡು ತಾನೇ.
ಬ್ಯಾಟರಿ ವ್ಯರ್ಥ ಅನ್ನಲು ಬಾಯಿ ಬರಲಿಲ್ಲ.
"ಯಾರೂ ಓಡಿಹೋಗಿ ಸ್ವಿಚ್ಚು ಹುಡುಕಬೇಕಿಲ್ಲ?"
ಬೇಕಿಲ್ಲ.
"ಕೂಗಬೇಕಿಲ್ಲ?"
ಇಲ್ಲ ಗೌರೇಶ.

ಭಾನುವಾರ ಹೋಗಿದ್ದೆ, ಸುಮ್ಮನೆ, ಮೀನು ತರುವ ನೆವ.
ಕಾಳಿ ಸಮುದ್ರಕ್ಕೆ ಬೀಳುವಲ್ಲಿ, ಒದ್ದೆ ಮರಳಿನಲ್ಲಿ
ಎಂಟು ಬರೆದ, ಸೊನ್ನೆ ಬರೆದ, ಏಡಿಗಳನ್ನು ಚದುರಿಸಿದ.
ಬೇಕೆಂದೇ ದೂರ ಬಿಟ್ಟ, ಸಿಗ್ನಲ್ ಎಟುಕದಷ್ಟು ದೂರ.
ನೊರೆಗೆ ಒಂದು ಗೇಣಿರುವಾಗ ನಿಂತ ಕಾರಿನ ಕಡೆ
ಅವಸರವೇ ಇಲ್ಲದೆ ನಡೆದುಹೋದ.

ಸೋಮವಾರ ಅಂಗಡಿ ಬಾಗಿಲು ಅರ್ಧ ಎತ್ತಿದ್ದೆ, ಬಂದ.
ಐಸಿನ ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ:
ತ್ರೀ ಫೇಸ್. ಹತ್ತು ಎಚ್.ಪಿ.
ಯಂತ್ರದ ಬಾಯಿಯಿಂದ ಸ್ವಿಚ್ಚಿಗೆ ಹದಿಮೂರು ಹೆಜ್ಜೆ.
"ಇದಕ್ಕೂ ಹಾಗೇ ಹೇಳಿಡಲಿಕ್ಕಾಗ್ತದಾ?"

ಕನ್ನಡಕ ಹಾಕಿಕೊಂಡೆ.
ಇದೂ ಅಣ್ಣನ ಮಗನಿಗೋ, ಅಂದೆ.