ಪಾದದ ಅಳತೆ

ವಿಡಿ ಘರ್‌ಕುಲದ ಮನೆಯಲ್ಲಿ ಜಗಳಕ್ಕೂ ಎರಡೇ ಖೋಲಿ.
ಒಂದರಲ್ಲಿ ಅಣ್ಣ ವೇಣುಗೋಪಾಲ, ಕೈಯಲ್ಲಿ ಚಹಾ.
ಇನ್ನೊಂದರಲ್ಲಿ ಅವ್ವ, ಮಡಿಲಲ್ಲಿ ಬೀಡಿಯ ಮೊರ.
ನಡುವಿನ ಹೊಸ್ತಿಲ ಮೇಲೆ ನಾನು,
ಎರಡೂ ಕಡೆಯಿಂದ ಬೈಸಿಕೊಳ್ಳುವ ಜಾಗ.

"ನನ್ನ ಸುಡಬ್ಯಾಡ್ರಿ" ಅಂದಳು ಅವ್ವ,
ನಾಳಿನ ಎಲೆ ನೆನೆಹಾಕಬೇಕು ಅಂದ ಹಾಗೆ.
"ಕುಂದರಿಸಿ ಮಣ್ಣು ಕೊಡ್ರಿ."

ಅಣ್ಣ ತೆಲುಗಿನಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸಿದ:
ನಾಯ್ನನನ್ನು ಸುಟ್ಟ ಕಡೆಯೇ ನೀನೂ.
ನಲವತ್ತೊಂದು ವರ್ಷ ಪದ್ಮಶಾಲಿ ಮನೆಯ ಸೊಸೆ,
ಇದೇನೀಗ ಹೊಸದು?

ಹೊಸದೇನಲ್ಲ. ಅಕ್ಕಲಕೋಟೆ ಕಡೆಯ ಹುಡುಗಿ
ಗಿರಣಿಯ ಅಂಬಯ್ಯನ ಬೆನ್ನು ಹಿಡಿದು ಸೊಲ್ಲಾಪುರಕ್ಕೆ ಬಂದಾಗ
ಕೊರಳಲ್ಲಿ ಕರಡಿಗೆ ಇತ್ತು. ಬೆಳ್ಳಿಯದು, ನೆಲ್ಲಿಕಾಯಷ್ಟು.
"ಏನದು, ತಂಬಾಕಿನ ಡಬ್ಬಿಯೇ?" ಎಂದು ನಕ್ಕಳಂತೆ
ಕರೀಂನಗರದಲ್ಲಿ ಮಗ್ಗ ಮಾರಿ ಬಂದಿದ್ದ ಅತ್ತೆ.
ನಕ್ಕವಳೇ ಬೀಡಿ ಸುತ್ತಲು ಕಲಿಸಿದಳು,
ತಪ್ಪಿದರೆ ಬೆರಳ ಗೆಣ್ಣಿಗೆ ಕತ್ತರಿಯ ಹಿಡಿ.
ಭಾನುವಾರದ ಮಟನ್ನು ಅವ್ವ ಬೇಯಿಸಿದಳು, ಉಪ್ಪು ನಾಲಗೆಗೆ ತಾಗಿಸದೆ,
ಅಷ್ಟೂ ವರ್ಷ. ಒಮ್ಮೆಯೂ ಹೆಚ್ಚಾಗಲಿಲ್ಲ.

ಮೊಮ್ಮಗ ಅನಿಕೇತ ಫೋನಿನಿಂದ ತಲೆಯೆತ್ತಿ
ಮರಾಠಿಯಲ್ಲಿ ಕೇಳಿದ:
ಕೂತುಕೊಂಡೇನಾ? ಆಜಿಗೆ ಮೊಣಕಾಲು ನೋವಲ್ಲವಾ?
ಯಾರೂ ನಗಲಿಲ್ಲ. ಆಮೇಲೆ ಅವ್ವ ನಕ್ಕಳು.

ನಗು ಮುಗಿದದ್ದೇ ಸಿಟ್ಟು ಬಂತು ಅವಳಿಗೆ.
ಬೈದಳು. ಅಪ್ಪಟ ತೆಲುಗಿನಲ್ಲಿ,
ಅತ್ತೆಯದೇ ಬೈಗುಳ, ಅದೇ ಏರಿಳಿತ,
ಕೊನೆಗೆ ಅದೇ ಕೆಮ್ಮು.
ಅಣ್ಣ ತಲೆ ತಗ್ಗಿಸಿದ.
ಸತ್ತ ಅಜ್ಜಿಗೆ ಎದುರಾಡುವುದು ಹೇಗೆ?

ರಾತ್ರಿ ನನ್ನನ್ನು ಕರೆದು ಬಲಗಾಲು ಚಾಚಿದಳು.
"ಒಂಬತ್ತು ಪಾದದ ಕುಣಿ. ಅದೂ ನನ್ನ ಪಾದ,
ಮಂದಿ ಪಾದ ಅಳೀಬ್ಯಾಡ್ರಿ ಮತ್ತ."
ಹಿಮ್ಮಡಿಯಿಂದ ಹೆಬ್ಬೆರಳಿಗೆ ಬೀಡಿಯ ಕೆಂಪು ದಾರ ಹಿಡಿದು
ಕತ್ತರಿಸಿದೆ.
ಇಷ್ಟು ಸಣ್ಣ ಕಾಲೇ ಅವ್ವಂದು?
ದಾರವನ್ನು ಕಾರ್ಖಾನೆಯ ಪಾಸ್‌ಬುಕ್ಕಿನೊಳಗಿಟ್ಟೆ.
ಅಲ್ಲಿ ಅವಳ ಹೆಸರು ನೀಲಾಬಾಯಿ.
ಅತ್ತೆ ಕರೆದದ್ದು ನೀಲಮ್ಮ.
ನೀಲವ್ವ ಎಂದು ಕರೆಯುತ್ತಿದ್ದವರು ಯಾರೂ ಉಳಿದಿಲ್ಲ.

ಬೆಳಿಗ್ಗೆ ಅಣ್ಣ ಪಾಸ್‌ಬುಕ್ಕು ತೆರೆದು
ದಾರವನ್ನು ನೆಲದ ಮೇಲೆ ನೆಟ್ಟಗೆ ಮಾಡಿ ಕೂತಿದ್ದ,
ಪಕ್ಕದಲ್ಲಿ ತನ್ನ ಕಾಲು.
ಚಹಾ ಆರಿ ಕೆನೆಗಟ್ಟಿತ್ತು.
ಕೊನೆಗೆ, ನನ್ನ ಕಡೆ ನೋಡದೆ,
ಅವ್ವನ ಭಾಷೆಯಲ್ಲಿ, ತಡವರಿಸುತ್ತ:
"ಚಪ್ಲಿ ಹಾಕ್ಕೊಂಡು ಅಳದದ್ದು?
ಬರೀ ಕಾಲು?"