ಮಗ್ಗುಲು

ರಾತ್ರಿ ಹತ್ತಕ್ಕೆ ಎಡಕ್ಕೆ,
ಹನ್ನೆರಡಕ್ಕೆ ಬಲಕ್ಕೆ,
ಎರಡಕ್ಕೆ ಮತ್ತೆ ಎಡಕ್ಕೆ.
ನಾಲ್ಕಕ್ಕೆ ಅಂಗಾತ, ಮೊಣಕಾಲ ಕೆಳಗೊಂದು ದಿಂಬು.
ಚರ್ಮ ಒಂದೇ ಕಡೆ ಒತ್ತಿಕೊಂಡರೆ ಹುಣ್ಣು,
ಹುಣ್ಣಾದರೆ ಇವರಿಗೆ ನೋವಾಗುವುದಿಲ್ಲ, ಅದೇ ಭಯ.
ಹದಿನೆಂಟು ವರ್ಷದಿಂದ ನನ್ನ ಪಹರೆ ಇದು.
ಮಿಲಿಟರಿಯಲ್ಲಾದರೆ ಪಾಳಿ ಬದಲಿಸಲು
ಇನ್ನೊಬ್ಬ ಬರುತ್ತಿದ್ದನಂತೆ.
ದೂರಲ್ಲ ಇದು. ಲೆಕ್ಕ ಕೇಳಿದರು, ಅದಕ್ಕೆ ಹೇಳಿದೆ.

ಕೇಳಿದ್ದು ಶಿವಮೊಗ್ಗದ ಸೈನಿಕರ ಕಚೇರಿಯಲ್ಲಿ.
ನವೆಂಬರ್, ಬದುಕಿದ್ದೇವೆಂದು ಹೇಳಿ ಬರುವ ತಿಂಗಳು.
ಆಟೊದ ಬೆನ್ನಿಗೆ ಗಾಲಿಕುರ್ಚಿ ಬಿಗಿದು ಹೊರಟೆವು.
ಗೋಪಿ ಸರ್ಕಲ್ಲಿನಲ್ಲಿ ಕೆಂಪು ದೀಪ.
ಪಕ್ಕದ ಸ್ಕೂಟರಿನ ಹುಡುಗ ಇವರ ಕಾಲನ್ನೇ ನೋಡಿದ.
ಇವರು ಅವನ ಹಿಂದಿನ ಚಕ್ರ ನೋಡಿ
"ಗಾಳಿ ಕಮ್ಮಿ ಇದೆ ಮಾರಾಯ, ನೋಡ್ಕೊ" ಅಂದರು.

ಕಚೇರಿಗೆ ಮೂರು ಮೆಟ್ಟಿಲು.
ಇಳಿಜಾರು ಕಟ್ಟಿದ್ದಾರೆ, ಸುಳ್ಳು ಹೇಳಬಾರದು;
ಅದರ ಬುಡಕ್ಕೆ ಯಾರೋ ಬೈಕು ನಿಲ್ಲಿಸಿದ್ದರು.

ಹೆಬ್ಬೆರಳು ಇಡಿ ಅಂದರು. ಯಂತ್ರ ಕೆಂಪಾಯಿತು.
ಸೆರಗಿನಲ್ಲಿ ಒರೆಸಿ ಇಟ್ಟೆ. ಕೆಂಪು.
ತಲೆಯೆಣ್ಣೆ ಸವರಿ ಇಟ್ಟೆ. ಕೆಂಪು.
ಗಾಲಿ ನೂಕಿ ನೂಕಿ ಗೆರೆ ಸವೆದ ಬೆರಳು,
ತುಂಗೆಯ ಕಲ್ಲಿನಷ್ಟು ನುಣುಪು.
ಗೆರೆಯಿಲ್ಲದವನು ಯಂತ್ರದ ಮಟ್ಟಿಗೆ
ಇಲ್ಲದವನೇ.

ಗುಮಾಸ್ತ ಶಫೀವುಲ್ಲಾ ಇನ್ನೊಂದು ಫಾರಂ ತೆಗೆದ.
"ಅಕ್ಕಾ, ಸಹಾಯಕರ ಭತ್ಯೆ ನಿಂತಿದೆ, ಹೊಸದಾಗಿ ಬರೆಯಬೇಕು.
ಗಾಯ ಯುದ್ಧದಲ್ಲೋ ಕರ್ತವ್ಯದಲ್ಲೋ?"

ಹಿಮ ಕರಗುವ ಕಾಲ, ಕಣಿವೆಗೆ ಲಾರಿ ಉರುಳಿತು.
ಲಾರಿಯಲ್ಲಿದ್ದದ್ದು ಆಲೂಗಡ್ಡೆ.
ಆಲೂಗಡ್ಡೆ ಯುದ್ಧಕ್ಕೆ ಸೇರಿದ್ದೋ ಊಟಕ್ಕೋ ಎಂದು
ಆರು ವರ್ಷ ಊರೂರು ತಿರುಗಿತು ಅರ್ಜಿ.
ಕಾಗದಕ್ಕಾದರೂ ಕಾಲಿತ್ತು.

"ಸಹಾಯಕನ ಹೆಸರು?"
ಹೂವಮ್ಮ, ಅಂದೆ.
ಸಹಾಯಕನ ಎಂದೇ ಅಚ್ಚಾಗಿದೆ, ಇರಲಿ.
"ದಿನಕ್ಕೆ ಎಷ್ಟು ಗಂಟೆ?"

ಪೆನ್ನು ಅಲ್ಲೇ ನಿಂತಿತು.
ಒಂದು ಸಲ ಇವರು ಪುಣೆಯ ಆಸ್ಪತ್ರೆಯಲ್ಲಿದ್ದರು, ಇಡೀ ತಿಂಗಳು.
ಒಬ್ಬಳೇ ನಿದ್ದೆ ಮಾಡು, ಅಂದಿದ್ದರು.
ಹನ್ನೆರಡಕ್ಕೆ ಎದ್ದೆ. ಎರಡಕ್ಕೆ ಎದ್ದೆ.
ನಾಲ್ಕಕ್ಕೆ, ಯಾರಿಗೂ ಹೇಳಿಲ್ಲ,
ಖಾಲಿ ಹಾಸಿಗೆಯ ದಿಂಬನ್ನು ಮಗುಚಿಟ್ಟೆ.
ಆ ಗಂಟೆಗಳು ಯಾವ ಚೌಕಕ್ಕೆ ಬರುತ್ತವೆ?

ಶಫೀ ಮೊಬೈಲು ಹಿಡಿದು ಬಂದ.
"ಬೆರಳು ಬೇಡ ಸಾರ್, ಮುಖ ಸಾಕು.
ಕ್ಯಾಮೆರಾ ನೋಡಿ, ಕಣ್ಣು ಮಿಟುಕಿಸಿ."
ಇವರು ಕ್ಯಾಮೆರಾ ದಾಟಿ ನನ್ನತ್ತ ನೋಡಿ
ಒಂದೇ ಕಣ್ಣು ಹೊಡೆದರು.
"ಎರಡೂ ಸಾರ್, ಎರಡೂ!"
ಸಾಲಿನಲ್ಲಿದ್ದ ಸುಬೇದಾರರ ವಿಧವೆ ನಕ್ಕರು.
ನಾನು ಗೋಡೆಯ ಕ್ಯಾಲೆಂಡರ್ ಓದಿದೆ.
ಹಸಿರು ಬಂತು. ಇನ್ನೊಂದು ವರ್ಷ ಬದುಕಿದ್ದಾರೆ.

ನೆಹರೂ ರಸ್ತೆಯಲ್ಲಿ ಆಟೊ ನಿಲ್ಲಿಸಿ
ಒಂದು ಜೊತೆ ಕೈಗವಸು ತಂದೆ, ಬೆರಳು ತುಂಬ ಮುಚ್ಚುವಂಥದ್ದು.
ಗಾಲಿ ನೂಕುವಾಗ ಹಾಕಿಕೊಂಡರೆ
ಗೆರೆ ಮತ್ತೆ ಮೂಡಬಹುದು, ಅಂದೆ.
ಇವರು ತಿರುಗಿಸಿ ನೋಡಿದರು, ಮಡಿಚಿದರು,
ನನ್ನ ಚೀಲಕ್ಕೇ ಹಾಕಿದರು.
"ಮುಟ್ಟಿದ್ದು ತಿಳಿಯೋದು ಇಷ್ಟೇ ಜಾಗ ಉಳಿದಿದೆ, ಹೂವೀ.
ಇದನ್ನೂ ಮುಚ್ಚಬೇಡ."

ಗಂಟೆಯ ಚೌಕ ಖಾಲಿ ಬಿಟ್ಟು ಬಂದಿದ್ದೇನೆ.
ನಾನೇ ತುಂಬಿಕೊಳ್ಳುತ್ತೇನೆ ಅಂದಿದ್ದ ಶಫೀ.
ಎಷ್ಟು ಬರೆದನೋ.