ಒಳಮುಖದ ಮುಳ್ಳು

ಮೊದಲು ಕೈಗೆ ಗೋಣಿ ಸುತ್ತಿಕೋ, ಅಮರಾವತಿ,
ಸೀರೆ ಸೆರಗು ಸಾಲದು.
ಈ ಎಲೆಯಂಚಿನ ಮುಳ್ಳು ಹೊರಗೆ ನೋಡೋದಿಲ್ಲ,
ಬುಡದ ಕಡೆ ಬಾಗಿದೆ, ಗಾಳದ ಹಾಗೆ.
ಒಳಗೆ ಹೋಗುವ ಕೈಗೆ ಏನೂ ಮಾಡದು.
ಬರುವಾಗ ಕೇಳುತ್ತೆ ಲೆಕ್ಕ.

ನನಗಿದು ಹೊಸದಲ್ಲ.
ಚಾಂಪಿಯನ್ ರೀಫಿನ ಲ್ಯಾಂಪ್ ರೂಮಿನಲ್ಲಿ ಇಪ್ಪತ್ತಾರು ವರ್ಷ
ಹಿತ್ತಾಳೆ ಬಿಲ್ಲೆ ಇಸ್ಕೊಂಡು ದೀಪ ಕೊಟ್ಟವನು,
ದೀಪ ಇಸ್ಕೊಂಡು ಬಿಲ್ಲೆ ಕೊಟ್ಟವನು.
ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಒಂದು ಬಿಲ್ಲೆ ಉಳಿದರೆ
ಆವತ್ತು ನನಗೆ ಮುದ್ದೆ ಇಳಿಯುತ್ತಿರಲಿಲ್ಲ.

ಬೀಜ ಕೊಟ್ಟವನು ಅಸೇ ಆಫೀಸಿನ ಐವರ್ ಲಾಜರಸ್,
ಕ್ವಾರ್ಟರ್ಸ್ ಖಾಲಿ ಮಾಡುವಾಗ, ಫಿಲ್ಮ್ ಡಬ್ಬಿಯಲ್ಲಿ.
ಅವನ ಚಿಕ್ಕಪ್ಪನ ಮಗ ಚಿಲಿ ದೇಶದ ತಾಮ್ರದ ಗಣಿಯಲ್ಲಿದ್ದನಂತೆ.
‘ಅಲ್ಲಿನ ಬೆಟ್ಟದ್ದು, ಪೂಯಾ ಅಂತ ಹೆಸರು,
ಅನಾನಸಿಗೆ ದಾಯಾದಿ, ಆದರೆ ತಿನ್ನೋಕೆ ಏನೂ ಇಲ್ಲ’ ಅಂದ.
ನಾನು ನಶ್ಯವೇನೋ ಅಂತ ಮೂಸಿ ನೋಡಿದೆ.

ಬೀಜ ಹೂಳಬೇಡ.
ಬೆಳಕು ಕಂಡರೇ ಅದು ಕಣ್ಣು ಬಿಡೋದು.
ಮರಳ ಮೇಲೆ ಉದುರಿಸಿ, ಕೈಯಲ್ಲಿ ನೀರು ಚಿಮುಕಿಸಿ,
ಮೇಲೊಂದು ಗಾಜು ಮುಚ್ಚಿ, ಮೂರು ವಾರ ಮರೆತುಬಿಡು.
ಮರೆಯೋಕೆ ಆಗದಿದ್ದರೆ ದೂರದಿಂದ ನೋಡು.

ಮರಳು ಅಂದೆನಲ್ಲ, ಸೈನೈಡ್ ದಿಬ್ಬದ್ದಲ್ಲ!
ಎಷ್ಟೇ ನುಣ್ಣಗಿರಲಿ, ಹತ್ತಿರದಲ್ಲಿರಲಿ, ಬೇಡ.
ಬೇಸಿಗೆ ಗಾಳಿಗೆ ನಮ್ಮ ತಟ್ಟೆಗೇ ಬಂದು ಕೂರುತ್ತೆ,
ಗಿಡಕ್ಕೂ ಯಾಕೆ.
ಬೇತಮಂಗಲದ ಕೋಡಿಯಿಂದ ದಪ್ಪ ಮರಳು ತಾ,
ಅರ್ಧಕ್ಕರ್ಧ ಜಲ್ಲಿ, ಒಂದು ಹಿಡಿ ಇದ್ದಿಲು, ಎಲೆಗೊಬ್ಬರ ಚೂರೇ ಚೂರು.
ಬೆಟ್ಟದ ಗಿಡ ಇದು:
ನೀರು ಬೇರಿನ ಹತ್ತಿರ ಕೂತು ಹರಟೆ ಹೊಡೆಯಬಾರದು,
ಹಾದುಹೋಗಬೇಕು.

ನಲವತ್ತೇಳು ಬೀಜದಲ್ಲಿ ಒಂಬತ್ತು ಬಂದವು.
ಹುಲ್ಲು ಅಂತ ನಮ್ಮ ಮನೆಯವಳು ಎರಡು ಕಿತ್ತಳು.
ಐದು, ಹಿಡಿದ ಮಳೆಗೆ ಕೊಳೆತವು.
ಒಂದಕ್ಕೆ ಪಕ್ಕದ ಮನೆ ಮೇಕೆ ಬಾಯಿ ಹಾಕಿತು,
ಹಾಕಿದ ಬಾಯಿ ತೆಗೆಯಲಾರದೆ ಕೂಗಿಕೊಂಡಿತು.
ಮೇಕೆ ಬೇಕೋ ಗಿಡ ಬೇಕೋ ಅಂದರು.
ಕತ್ತರಿ ತಂದೆ.

ಉಳಿದ ಒಂದೇ ಇದು.
ಚಳಿಗೆ ಹೆದರಿ ಒಳಗಿಡಬೇಡ, ಚಳಿ ಅದಕ್ಕೆ ಗೊತ್ತು.
ಏಪ್ರಿಲ್ ಮಧ್ಯಾಹ್ನಕ್ಕೆ ಮಾತ್ರ ಒಂದು ಪರದೆ ಕಟ್ಟು.
ನಾನು ಕಟ್ಟಿದ್ದು ಗಣಿಗೆ ಗಾಳಿ ಊದುತ್ತಿದ್ದ ಕ್ಯಾನ್ವಾಸಿನ ತುಂಡು.

ಹನ್ನೊಂದನೇ ವರ್ಷ ನಡುವಿನಿಂದ ಹಾರೆಯಂಥ ದಂಟು ಎದ್ದಿತು.
ಹೂವಿನ ಬಣ್ಣ ಹೇಗೆ ಹೇಳಲಿ,
ದ್ರಾಕ್ಷಿ ಬಳ್ಳಿಗೆ ಹೊಡೆಯೋ ಮೈಲುತುತ್ತ ಕಂಡಿದ್ದೀಯಲ್ಲ,
ಅದನ್ನ ಯಾರೋ ಮೇಣದಲ್ಲಿ ಅದ್ದಿದ ಹಾಗೆ.
ಒಳಗೆ ಕೇಸರಿ ಪುಡಿ.
ಊರಿಗಾಂನಿಂದ ಜನ ಬಂದರು. ಒಬ್ಬಳು ಕರ್ಪೂರ ತಂದಳು,
ಬೇಡಮ್ಮ ಅಂದೆ.

ಒಂದು ಸಂಗತಿ ಮಾತ್ರ ನನಗೆ ತಡವಾಗಿ ಹೊಳೆಯಿತು.
ಪ್ರತಿ ರೆಂಬೆಯ ಕೊನೆ ಬೋಳು.
ರೋಗ ಅಂದುಕೊಂಡು ಕತ್ತರಿಸೋದರಲ್ಲಿದ್ದೆ.
ಒಂದು ಗೊರವಂಕ ಬಂದು ಸರಿಯಾಗಿ ಅಲ್ಲೇ ಕೂತು,
ಬಗ್ಗಿ ಕುಡಿದು, ಹಣೆಗೆ ಕೇಸರಿ ಹಚ್ಚಿಕೊಂಡು ಹೋಯಿತು.
ಇಷ್ಟು ಮುಳ್ಳಿರುವುದು
ಬರುವವರಿಗೆ ಕೂರಲು ಜಾಗ ಬಿಟ್ಟಿತ್ತು.

ಈಗ ಆ ತಾಯಿ ಒಣಗಿದೆ. ಪಕ್ಕದ ಮರಿ ನಿನ್ನದು.
ಗುರುತಿಗೆ ಬಿಲ್ಲೆ ಕಟ್ಟಿದ್ದೇನೆ, 1183.
ಯಾರದ್ದು ಅಂತ ಗಾಬರಿಯಾಗಬೇಡ,
ಬದುಕಿದ್ದಾನೆ, ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಕಡಲೆ ಮಾರುತ್ತಾನೆ.
ಗಣಿ ಮುಚ್ಚಿದ ದಿನ ಎಲ್ಲರೂ ಮೇಲೆ ಬಂದರು,
ಎಲ್ಲರೂ ದೀಪ ಒಪ್ಪಿಸಿದರು.
ಬಿಲ್ಲೆ ಮಾತ್ರ ಯಾರೂ ಇಸ್ಕೊಳ್ಳಲಿಲ್ಲ.
ಆವತ್ತು ರಾತ್ರಿ ಹಲಗೆಯ ತುಂಬ ಬಿಲ್ಲೆ.
ನನ್ನ ಲೆಕ್ಕದಲ್ಲಿ, ಅಷ್ಟೂ ಜನ ಇನ್ನೂ ಕೆಳಗೆ.

ಹಿಡಿ, ಬುಡದಲ್ಲಿ.
ಮುಳ್ಳು ಹಿಡಿದರೆ ಎಳೆಯಬೇಡ,
ಇನ್ನೊಂದಿಷ್ಟು ಒಳಕ್ಕೇ ತಳ್ಳು,
ಆಮೇಲೆ ಎಲೆ ಎತ್ತಿ, ನಿಧಾನಕ್ಕೆ.